ಕಡಿದ ನರಗಳ ಪುನಃಪ್ರರೋಹ

ಕನ್ನಡದಲ್ಲಿ ‘ನರ’ ಎಂಬ ಶಬ್ದವು ಲೋಕರೂಢಿಯಲ್ಲಿ ರಕ್ತನಾಳಕ್ಕೂ, ಸ್ಪರ್ಶಾದಿ ಅನುಭವಗಳನ್ನು ಮಿದುಳಿಗೆ ಮುಟ್ಟಿಸುವ ತಂತುವಿಗೂ ಸಮನಾಗಿ ಸಲ್ಲುತ್ತದೆ. ಬಂಗಾಳಿಯಲ್ಲಿ ಈ ತಂತುವಿಗೆ ‘ಸ್ನಾಯು’ ಎಂದು ಹೆಸರು. ಕನ್ನಡದಲ್ಲಿ ಅದೇ ಶಬ್ದವು ಮಾಂಸಖಂಡವನ್ನು ಹೇಳುತ್ತದೆ. ಗ್ರೀಕರ ‘ನ್ಯೂರಾನ್’ ಎಂಬುದಕ್ಕೂ ಮೊದಲಲ್ಲಿ ಕಂಡರವೆಂದೂ ಬಿಲ್ಲಿನ ಹೆದೆಯೆಂದೂ ಅರ್ಥವಿದ್ದಿತು. ಮೈಯನ್ನು ಕೊಯ್ದು ನೋಡಿದವರ ಕಣ್ಣಿಗೆ ಇವೆಲ್ಲವೂ ಹುರಿಗಳಂತೆಯೇ ತೋರುವುದರಿಂದ ಈ ಗೊಂದಲವು ನಿಷ್ಕಾರಣವಾದುದಲ್ಲ. ಹುರಿಯೆಂದು ಭಾವಿಸಿದ ಮೇಲೆ, ತುಂಡಾದುದನ್ನು ಸೇರಿಸಿ ಹೊಲಿದರೆ ಸರಿಹೋಗಬೇಕೆಂದು ಎಣಿಸುವುದೂ ಸಹಜವೆ. ಆದರೆ ಕಡಿದ ನರತಂತುವು ಕೂಡಿಕೊಳ್ಳುವುದಿಲ್ಲ. ಅದು ಬುಡದಿಂದ ಮತ್ತೆ ಬೆಳೆಯಬೇಕು.

ಇಂಗ್ಲೆಂಡಿನ ವೈದ್ಯನಾದ ಆಗಸ್ಟಸ್ ವಾಲರನು 1850ರಲ್ಲಿ ಕಪ್ಪೆಯ ನಾಲಗೆಗೆ ಹೋಗುವ ನರಗಳನ್ನು ಕಡಿದು, ಆಮೇಲೆ ನಡೆಯುವುದನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದನು. ಕಡಿದ ಸ್ಥಳದಿಂದ ಆಚೆಗೆ, ಎಂದರೆ ನಾಲಗೆಯ ಕಡೆಗೆ, ಇದ್ದ ತಂತುಗಳು ಕೆಲವು ದಿನಗಳಲ್ಲಿಯೇ ಚೂರುಚೂರಾಗಿ ನಶಿಸಿದುವು. ಈಚೆಯ ಭಾಗ ಮಾತ್ರ ಉಳಿಯಿತು. ಪ್ರತಿಯೊಂದು ತಂತುವೂ ಬೆನ್ನುಹುರಿಯಲ್ಲಿಯೋ ಅದರ ಪಕ್ಕದಲ್ಲಿಯೋ ಮಿದುಳಿನ ಬುಡದಲ್ಲಿಯೋ ಇರುವ ಒಂದು ಜೀವಕೋಶದ ನೀಳವಾದ ಬಾಹುವೆಂಬುದೇ ಇದಕ್ಕೆ ಕಾರಣ. ಮನುಷ್ಯನ ಪಾದಕ್ಕೆ ಹೋಗುವ ತಂತುವಿನ ಉದ್ದ ಸುಮಾರು 1 ಮೀಟರ್. ಅಷ್ಟುದ್ದಕ್ಕೂ ಜೀವಾಧಾರವು ಆ ಕೋಶದಿಂದಲೇ ಬರತಕ್ಕದ್ದು.

ಹೊಸ ತಂತು ಎಲ್ಲಿ ಹುಟ್ಟುತ್ತದೆಂಬುದರಲ್ಲಿ ಬಹುಕಾಲ ವಾದವಿದ್ದಿತು. ಆಚೆಯ ತುಂಡಿನಲ್ಲಿರುವ ಕೋಶಗಳೇ ಸರಪಣಿಯಂತೆ ಕೂಡಿ ಅದನ್ನು ಕಟ್ಟುತ್ತವೆಂದು ಜರ್ಮನಿಯ ಬೇಥೆ ಮೊದಲಾದವರ ಮತ. ಅದು ಈಚೆಯ ಮೋಟಿನಿಂದಲೇ ಮೊಳೆಯುತ್ತದೆಂದು ಸ್ಪೇಯಿನಿನ ರಾಮೋನ್ ಇ ಕಹಾಲನ ಸಿದ್ಧಾಂತ. ಬೆಳೆಯುವ ತಂತುವಿನ ತುದಿಯಲ್ಲಿ ಒಂದು ಅಂಕುರವಿರುವುದನ್ನು ಇವನು 1890ರಲ್ಲಿಯೇ ಕೋಳಿಯ ಭ್ರೂಣದಲ್ಲಿ ಕಂಡಿದ್ದನು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ನನು ಕಪ್ಪೆಯ ಭ್ರೂಣದ ನರಕಣಗಳನ್ನು ದುಗ್ಧರಸದ ಹನಿಯಲ್ಲಿಟ್ಟು, ತಂತುವು ಕೋಶದಿಂದ ಹೊರಟು ಚಾಚಿಕೊಳ್ಳುವುದನ್ನು ಪ್ರತ್ಯಕ್ಷ ನೋಡಿದ ಮೇಲೆ ವಾದಕ್ಕೆ ಬಲಗುಂದಿತು. ಕಹಾಲನ ಮಹಾಗ್ರಂಥವು 1913–14ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ನೊಬೆಲ್ ಪಾರಿತೋಷಕವನ್ನು ಪಡೆದ ಇಂತಹವನ ಗ್ರಂಥಕ್ಕೂ ಅಚ್ಚಿನ ವೆಚ್ಚವನ್ನು ಆರ್ಜೆಂಟೀನಾದಲ್ಲಿ ನೆಲಸಿದ್ದ ಸ್ಪೇಯಿನಿನ ವೈದ್ಯರು ಚಂದಾಯೆತ್ತಿ ಕೊಡಬೇಕಾಯಿತೆಂಬುದನ್ನು ವಿದ್ವತ್ಪ್ರಕಟನೆಯ ಕಷ್ಟವನ್ನು ಬಲ್ಲವರು ಗಮನಿಸಬಹುದು.

ಹಾಗೆಂದು ಆಚೆಯ ತುಂಡು ನಿರರ್ಥಕವಲ್ಲ. ತಂತು ನಶಿಸಿದರೂ ಅದನ್ನು ಸುತ್ತಿದ್ದ ಶ್ವಾನ್ ಕೋಶಗಳು ಉಳಿದು, ಕಸವನ್ನು ತೆಗೆದು, ಟೊಳ್ಳು ನಾಳಗಳೊಳಗೆ ಸಾಲಾಗಿ ನಿಂತು ಬೆಳವಣಿಗೆಗೆ ಬೇಕಾದ ದ್ರವ್ಯಗಳನ್ನು ಸ್ರವಿಸುತ್ತವೆ. ಮೊಳಕೆಯು ಈ ಹಳೆಯ ನಾಳವನ್ನು ಹಿಡಿದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮುಂದುವರಿಯುತ್ತದೆ. ಮಣಿಕಟ್ಟಿನಲ್ಲಿ ಕಡಿದ ನರವು ಬೆರಳ ತುದಿಯನ್ನು ಮುಟ್ಟಲು ಆರು ತಿಂಗಳಿಗೆ ಕಡಿಮೆಯಿಲ್ಲ. ತೋಳಿನಲ್ಲಿ ಕಡಿದರೆ ವರ್ಷಗಳೇ ಬೇಕು. ಇತ್ತ ನರವಿಲ್ಲದ ಮಾಂಸಖಂಡವು ಸುಮಾರು ಒಂದು, ಒಂದೂವರೆ ವರ್ಷದೊಳಗೆ ಸರಿಪಡಿಸಲಾಗದಷ್ಟು ಕ್ಷಯಿಸುತ್ತದೆ. ಆದುದರಿಂದ ಚೆನ್ನಾಗಿ ಬೆಳೆದ ನರವೂ ತಡವಾಗಿ ಬಂದು, ಆಳತಕ್ಕ ಮಾಂಸವೇ ಇಲ್ಲದಿರುವುದನ್ನು ಕಾಣುವುದುಂಟು.

ಮರಳಿ ಬಂದ ನರದ ಅನುಭವ ಎಂತಹದು? ಕಪ್ಪೆಯನ್ನು ಕೇಳಿ ಇದನ್ನು ತಿಳಿಯುವಂತಿಲ್ಲ. ಆಸ್ಪತ್ರೆಯ ರೋಗಿಗಳ ವರದಿಯಿಂದ ತೃಪ್ತನಾಗದ ಲಂಡನ್ನಿನ ವೈದ್ಯ ಹೆನ್ರಿ ಹೆಡ್ಡನು 1903ನೆಯ ಏಪ್ರಿಲ್ 25ರಂದು ತನ್ನ ಎಡಗೈಯ ಚರ್ಮಕ್ಕೆ ಸಲ್ಲುವ ನರಗಳನ್ನೇ ಮೊಣಕೈಯ ಬಳಿ ಕಡಿಸಿ ರೇಷ್ಮೆಯ ಎಳೆಯಿಂದ ಹೊಲಿಸಿಕೊಂಡನು. ಆ ಬಳಿಕ ನಾಲ್ಕು ವರ್ಷಕಾಲ ಬಿಡುವಾದಾಗಲೆಲ್ಲ ಕೇಂಬ್ರಿಜ್ಜಿಗೆ ಹೋಗಿ, ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಮಿತ್ರನಾದ ರಿವರ್ಸನ ಕೊಠಡಿಯಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳುವನು. ರಿವರ್ಸನು ಸೂಜಿ, ಹತ್ತಿ, ಮಂಜುಗಡ್ಡೆ, ಬಿಸಿನೀರುಗಳಿಂದ ಆ ಕೈಯನ್ನು ಪರೀಕ್ಷಿಸುವನು. ಮೊದಲು ಹಿಂತಿರುಗಿದುದು ನೋವು, ಅದೂ ವಿಕಾರವಾದ ನೋವು. ಸೂಜಿಯ ಸಣ್ಣ ಚುಚ್ಚೂ ಅಸಹ್ಯವಾಗಿ ಹರಡುತ್ತಿದ್ದಿತು. ಒಂದೆಡೆ ಮುಟ್ಟಿದರೆ ಬೇರೆಡೆ ಮುಟ್ಟಿದಂತಾಗುತ್ತಿದ್ದಿತು. ಹತ್ತಿಯ ಸೋಂಕನ್ನು ಅರಿಯುವ, ಸ್ಥಳವನ್ನು ನಿರ್ಧರಿಸುವ ನವುರಾದ ಶಕ್ತಿಯು ಬಹಳ ತಡವಾಗಿ, ಅಪೂರ್ಣವಾಗಿ ಬಂದಿತು. ಇದರಿಂದ ಇವರಿಬ್ಬರೂ ಚರ್ಮದಲ್ಲಿ ಪುರಾತನ, ನೂತನ ಎಂಬ ಎರಡು ನರವ್ಯವಸ್ಥೆಗಳಿವೆಯೆಂದು 1908ರಲ್ಲಿ ಸಾಧಿಸಿದರು. ಮರುವರ್ಷವೇ ಟ್ರಾಟರ್ ಮತ್ತು ಡೇವಿಸ್ ಎಂಬ ಶಸ್ತ್ರವೈದ್ಯರು ತಮ್ಮ ಮೈಯ ನರಗಳನ್ನೂ ಕಡಿದುಕೊಂಡು ಆ ವಿಭಾಗವನ್ನು ಒಪ್ಪದೆ ಹೋದರು. ಸಿದ್ಧಾಂತವು ನಿಲ್ಲಲಿಲ್ಲ, ಆದರೆ ಒಂದೆಡೆಯ ಸ್ಪರ್ಶವು ಇನ್ನೊಂದೆಡೆ ತೋರಿತೆಂಬ ಅನುಭವವು ಇಂದಿಗೂ ನಿಂತಿದೆ. ಮೊಳಕೆಗಳು ಕಡಿತವನ್ನು ದಾಟುವಾಗ ತಮ್ಮ ತಮ್ಮ ಹಳೆಯ ನಾಳಗಳನ್ನೇ ಹೊಗುವುದಿಲ್ಲ. ಹೆಬ್ಬೆರಳಿನ ತಂತು ತೋರುಬೆರಳಿಗೆ ಹೋಗಬಹುದು. ಮಿದುಳು ಮಾತ್ರ ಹಳೆಯ ವಿಳಾಸದಂತೆಯೇ ಓದುತ್ತದೆ.

ದಾರಿ ತಪ್ಪದೆ ಬೆಳೆಯುವ ನರಗಳೂ ಉಂಟು. ಕಪ್ಪೆಯ ಬಂಧುವಾದ, ಹಲ್ಲಿಯ ಆಕಾರದ ನ್ಯೂಟ್ ಎಂಬ ಪ್ರಾಣಿಯಲ್ಲಿ ಕಡಿದ ದೃಷ್ಟಿನರವು ಮತ್ತೆ ಬೆಳೆದು ಕಣ್ಣು ಕಾಣುತ್ತದೆ. ಅಮೆರಿಕದ ರೋಜರ್ ಸ್ಪೆರಿಯು 1943ರಲ್ಲಿ ಆ ನರವನ್ನು ಕಡಿದುದಲ್ಲದೆ ಕಣ್ಣುಗುಡ್ಡೆಯನ್ನೂ ತಲೆಕೆಳಗಾಗಿ ತಿರುಗಿಸಿ ಕೂಡಿಸಿದನು. ದೃಷ್ಟಿಯು ಬಂದಿತು; ಆದರೆ ಆಹಾರವನ್ನು ಮೇಲೆ ಹಿಡಿದರೆ ಪ್ರಾಣಿಯು ಕೆಳಕ್ಕೆ, ಮುಂದೆ ಹಿಡಿದರೆ ಹಿಂದಕ್ಕೆ ಎರಗುವುದು. ಅನುಭವದಿಂದ ಅದು ತನ್ನನ್ನು ತಿದ್ದಿಕೊಳ್ಳಲೇ ಇಲ್ಲ. ತಂತುಗಳು ಮಿದುಳಿನಲ್ಲಿ ತಮ್ಮ ಪೂರ್ವಸ್ಥಾನಗಳನ್ನೇ ಹುಡುಕಿ ಸೇರಿದ್ದುವು. ಆ ನಿಷ್ಠೆಯೇ ಪ್ರಾಣಿಗೆ ಅಪಾಯವಾಯಿತು.

ಮನುಷ್ಯನ ಮಿದುಳು ಬೆನ್ನುಹುರಿಗಳೊಳಗೆ ಇಂತಹ ಬೆಳವಣಿಗೆಯೇ ಕಾಣದು. ದೋಷವು ತಂತುವಿನದೋ ನೆಲದ್ದೋ? ಮಾಂಟ್ರಿಯಲ್ ನಗರದ ಡೇವಿಡ್ ಮತ್ತು ಅಗ್ವಾಯೊ ಎಂಬವರು 1981ರಲ್ಲಿ ಇಲಿಯ ಕಾಲಿನ ನರದ ತುಂಡನ್ನು ಬೆನ್ನುಹುರಿಗೂ ಮಿದುಳಿನ ಬುಡಕ್ಕೂ ಸೇತುವೆಯಂತೆ ಕಸಿಮಾಡಲು, ಒಳಗಿನ ತಂತುಗಳೇ ಅದರಲ್ಲಿ ಸುಮಾರು 3 ಸೆಂಟಿಮೀಟರ್ ಬೆಳೆದುವು. ಸೇತುವೆಯ ಕೊನೆಯಲ್ಲಿ ಬೆನ್ನುಹುರಿಯೊಳಗೆ ಹೊಕ್ಕೊಡನೆ ನಿಂತುಬಿಟ್ಟುವು. ನೆಲದ ದೋಷವೇ ಹೆಚ್ಚಿನದೆಂದು ಇದರಿಂದ ತಿಳಿಯಿತು.

ಮೃತರ ಕೈಯನ್ನು ಜೀವಂತರಿಗೆ ಕಸಿಮಾಡುವ ಶಸ್ತ್ರಕ್ರಿಯೆಯಲ್ಲಿ ಈ ಎಲ್ಲ ವಿಷಯಗಳೂ ಒಟ್ಟುಗೂಡುತ್ತವೆ. 1998ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಇದು ನಡೆಯಿತು. 2015ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನೆರವೇರಿತು. ಲಿಯೋನಿನ ಕೈಯನ್ನು 2001ರಲ್ಲಿ ತೆಗೆಯಬೇಕಾದುದು ನರದ ದೋಷದಿಂದಲ್ಲ. ರೋಗಿಯು ಔಷಧವನ್ನು ನಿಲ್ಲಿಸಿದುದರಿಂದ ಶರೀರವು ಆ ಕೈಯನ್ನು ನಿರಾಕರಿಸಿತು. ದಾನಿಯ ತಂತುಗಳು ನಶಿಸುತ್ತವೆ, ನಾಳಗಳು ಉಳಿಯುತ್ತವೆ. ಪಡೆದವನ ನರವು ಅನ್ಯನ ನಾಳದೊಳಗೆ ತಿಂಗಳುಗಟ್ಟಲೆ ಸಾಗಿ ಬೆರಳುಗಳನ್ನು ಸೇರುತ್ತದೆ. ಅಲ್ಲಿ ತಪ್ಪಾಗಿ ಸೇರಿದ ತಂತುಗಳನ್ನು ಕಿತ್ತು ಮತ್ತೆ ನೆಡಲಾಗದು. ಮಿದುಳು ಹೊಸ ವಿಳಾಸಗಳನ್ನು ಕಲಿಯಬೇಕು. ಆದುದರಿಂದ ಇಂತಹವರಿಗೆ ನಾಣ್ಯ, ಬೀಗದ ಕೈ, ಬಟ್ಟೆ ಮುಂತಾದುವನ್ನು ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ, ಮುಟ್ಟಿ ಗುರುತಿಸುವ ಅಭ್ಯಾಸವನ್ನು ಮಾಡಿಸುತ್ತಾರೆ. ನರವನ್ನು ಹೊಲಿಸಿಕೊಂಡ ಮಕ್ಕಳಲ್ಲಿ ಸ್ಪರ್ಶಜ್ಞಾನವು ಬಹುಮಟ್ಟಿಗೆ ಮರಳುತ್ತದೆ; ಪ್ರಾಯದವರಲ್ಲಿ, ಹೊಲಿಗೆಯು ಎಷ್ಟೇ ನಯವಾಗಿರಲಿ, ಪೂರ್ತಿಯಾಗಿ ಮರಳುವುದು ಅಪರೂಪ.