ಪನಾಮದ ತಾಮ್ರವೂ ಕಂಪೆನಿಯ ಕರ್ತವ್ಯವೂ

ಪರದೇಶದಲ್ಲಿ ಗಣಿ ತೋಡಿದ ಕಂಪೆನಿಯು ಆ ದೇಶದ ರಾಜಕೀಯದ ಬಿರುಗಾಳಿಗೆ ಸಿಕ್ಕಿದಾಗ ಗಂಟುಮೂಟೆ ಕಟ್ಟಿ ಹೊರಡಬೇಕೋ, ನಿಂತು ಹೋರಾಡಬೇಕೋ? ಈ ಪ್ರಶ್ನೆಯು ಮಧ್ಯ ಅಮೆರಿಕದ ಪನಾಮದಲ್ಲಿ ಎದ್ದಿರುವಷ್ಟು ತೀವ್ರವಾಗಿ ಬೇರೆಡೆ ಎದ್ದುದು ವಿರಳ. ಕೆನಡಾದ ಫಸ್ಟ್ ಕ್ವಾಂಟಂ ಕಂಪೆನಿಯು ಅಲ್ಲಿನ ಕೊಲೊನ್ ಪ್ರಾಂತದ ಅಡವಿಯಲ್ಲಿ ಸುಮಾರು 1,000 ಕೋಟಿ ಡಾಲರುಗಳ ವೆಚ್ಚದಿಂದ ನಿರ್ಮಿಸಿದ ಕೋಬ್ರೆ ಪನಾಮ ಗಣಿಯು 2022ರಲ್ಲಿ ಸುಮಾರು 3 ಲಕ್ಷ 50 ಸಾವಿರ ಟನ್ನು ತಾಮ್ರವನ್ನು ಕೊಟ್ಟಿತ್ತು. ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು ಶೇಕಡಾ 5 ಭಾಗವು ಈ ಒಂದೇ ಗಣಿಯದಾಗಿತ್ತು. 2023ರ ನವೆಂಬರ್ 28ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಗಣಿಯ ಕರಾರು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತಿತು, ಗಣಿಯು ಮುಚ್ಚಿತು.

ಬಂಡವಾಳಗಾರರು ಇದನ್ನು ‘ರಾಜಕೀಯದ ಅಪಾಯ’ವೆನ್ನುತ್ತಾರೆ. ಹಾಗೆಂದರೆ ಭೂಕಂಪದಂತೆ ಹೇಳದೆ ಕೇಳದೆ ಬಂದ ವಿಪತ್ತೆಂದು ಅರ್ಥವಾಗುತ್ತದೆ. ಇದು ಹಾಗೆ ಬಂದುದಲ್ಲ. 1997ರ ಮೂಲ ಕರಾರು ಬಹಿರಂಗ ಹರಾಜಿಲ್ಲದೆ ಆದುದೆಂದು ಅದೇ ನ್ಯಾಯಾಲಯವು 2017ರಲ್ಲಿಯೇ ಹೇಳಿತ್ತು. ಆ ತೀರ್ಪು ರಾಜಪತ್ರದಲ್ಲಿ ಪ್ರಕಟವಾದುದು 2021ರ ಕೊನೆಗೆ. ಅಷ್ಟರಲ್ಲಿ ಗಣಿಯು ಪೂರ್ಣವಾಗಿ ನಡೆಯತೊಡಗಿತ್ತು. ಹೊಸ ಕರಾರು ವರ್ಷಕ್ಕೆ ಕನಿಷ್ಠ 37 ಕೋಟಿ 50 ಲಕ್ಷ ಡಾಲರುಗಳನ್ನು ಸರಕಾರಕ್ಕೆ ಕೊಡುವುದೆಂದು ಗೊತ್ತುಮಾಡಿತು. 2023ರ ಅಕ್ಟೋಬರ್ 20ರಂದು ಶಾಸನಸಭೆಯ ಒಪ್ಪಿಗೆಯೂ ಅಧ್ಯಕ್ಷರ ಸಹಿಯೂ ಒಂದೇ ದಿನದಲ್ಲಿ ಮುಗಿದುವು. ಜನರು ಬೀದಿಗಿಳಿದರು, ಹೆದ್ದಾರಿಗಳು ನಿಂತುವು. ಹಣವು ಸಾಲದೆಂಬುದಕ್ಕಿಂತ, ತಮ್ಮನ್ನು ಕೇಳಲಿಲ್ಲವೆಂಬುದೇ ಅವರ ದೊಡ್ಡ ದೂರಾಗಿತ್ತು.

ಆ ಜನರ ಚರಿತ್ರೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. 1903ರಲ್ಲಿ ಅವರ ನೆಲವನ್ನು ಕಾಲುವೆಗಾಗಿ ಅಮೆರಿಕಕ್ಕೆ ಒಪ್ಪಿಸಿದ ಒಡಂಬಡಿಕೆಗೆ ಪನಾಮದ ಪರವಾಗಿ ಸಹಿ ಮಾಡಿದವನು ಒಬ್ಬ ಫ್ರೆಂಚನು. ಕಾಲುವೆಯು ಅವರ ಕೈಸೇರಿದುದು 1999ರ ಡಿಸೆಂಬರ್ 31ರಂದು. ಮುಕ್ಕಾಲುಪಾಲು ಶತಮಾನಕ್ಕೂ ಮಿಕ್ಕಿ ತನ್ನ ನೆಲದಲ್ಲಿ ತಾನೇ ಪರಕೀಯವಾಗಿದ್ದ ಜನಾಂಗವು ಮತ್ತೊಂದು ಅವಸರದ ಸಹಿಯನ್ನು ಸಹಿಸೀತೆಂದು ಎಣಿಸಿದುದೇ ತಪ್ಪು.

ಹಾಗಾದರೆ ಕಂಪೆನಿಯು ಇಂದೇ ಹೊರಡಬೇಕೇ? ಕೂಡದೆಂದು ನಮ್ಮ ಅಭಿಪ್ರಾಯ. ಗಣಿಯನ್ನು ಮುಚ್ಚುವುದಕ್ಕೆ ಒಂದು ತೀರ್ಪು ಸಾಕು. ತೆರೆದ ಹೊಂಡವನ್ನೂ ಅದಿರು ತೊಳೆದ ಕೆಸರಿನ ರಾಶಿಯನ್ನೂ ಕಾಯುವುದಕ್ಕೆ ತಲೆಮಾರುಗಳು ಬೇಕು. ಇದನ್ನು ನಾವು ದೂರದಿಂದ ಹೇಳುತ್ತಿಲ್ಲ. ಇರಾನಿನ ಷಹನ ಸಾಲದ ಭರವಸೆಯಿಂದ 1975ರಲ್ಲಿ ಕೈಗೊಂಡ ನಮ್ಮ ಕುದುರೆಮುಖದ ಕೆಲಸವು 1979ರ ಇರಾನ್ ಕ್ರಾಂತಿಯ ಪೆಟ್ಟನ್ನು ತಿಂದಿತು. ಕೊನೆಗೆ ನಮ್ಮದೇ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆದರೆ ಲಕ್ಯಾ ಅಣೆಯ ಹಿಂದಿನ ಕೆಸರು ಯಾವ ಆಜ್ಞೆಗೂ ಕರಗಲಿಲ್ಲ.

ಆದುದರಿಂದ ಕಂಪೆನಿಯು ಗಣಿಯ ರಕ್ಷಣೆಯ ಹೊಣೆಯನ್ನು ಬಿಡಲಾಗದು. ಬಿಡಬೇಕಾದುದು ಹಳೆಯ ಕರಾರಿನ ಹಕ್ಕಿನ ಹಠವನ್ನು. 2025ರ ಮಾರ್ಚಿಯಲ್ಲಿ ಅದು ಒಂದು ಅಂತರರಾಷ್ಟ್ರೀಯ ಪಂಚಾಯಿತಿಯ ವ್ಯಾಜ್ಯವನ್ನು ಕೈಬಿಟ್ಟು, ಇನ್ನೊಂದನ್ನು ತಡೆಹಿಡಿಯಲು ಒಪ್ಪಿತು. ಇದು ವಿವೇಕದ ಮೊದಲ ಹೆಜ್ಜೆ. ಕೆಲಸ ಕಳೆದುಕೊಂಡ ಸಾವಿರಾರು ಕಾರ್ಮಿಕರ ಸಂಕಟವು ನಿಜ. ವಿದ್ಯುದ್ಯುಗಕ್ಕೆ ತಾಮ್ರವು ಬೇಕೆಂಬುದೂ ನಿಜ. ಆದರೆ ಈ ಎರಡನ್ನೂ ಮುಂದೊಡ್ಡಿ ಪ್ರಜೆಗಳ ಒಪ್ಪಿಗೆಯನ್ನು ಹಿಂದಿಕ್ಕಿದರೆ ಮೂರನೆಯ ಕರಾರು ಮೊದಲೆರಡರ ಹಾದಿಯನ್ನೇ ಹಿಡಿದೀತು. ಲೆಕ್ಕವನ್ನೂ ನೀರು ಕಾಡುಗಳ ಸ್ಥಿತಿಯನ್ನೂ ಬಹಿರಂಗಪಡಿಸಿ, ಜನರು ಒಪ್ಪಿದರೆ ಹೊಸ ನಿಬಂಧನೆಗಳಿಂದ ತೊಡಗಲಿ. ಒಪ್ಪದಿದ್ದರೆ ಹೊಂಡವನ್ನು ಸರಿಪಡಿಸಿ ಗೌರವದಿಂದ ಹೊರಡಲಿ. ಪರದೇಶಗಳಲ್ಲಿ ಖನಿಜವನ್ನರಸುವ ನಮ್ಮ ಭಾರತದ ಕಂಪೆನಿಗಳೂ ಇದನ್ನು ಮನಗಾಣಬೇಕು. ಅದಿರು ನೆಲದೊಳಗಿದ್ದರೂ ಅದರ ಒಡೆಯರು ನೆಲದ ಮೇಲಿದ್ದಾರೆ.