ವಾಲುವ ಚಿತ್ರ, ಬಿಗಿದ ದಾರ

ರವಿವರ್ಮನ ಲಕ್ಷ್ಮಿ, ಕಲಬುರಗಿಯ ಎಸ್. ಎಂ. ಪಂಡಿತರ ಪುರಾಣಚಿತ್ರವುಳ್ಳ ಹಳೆಯ ಕ್ಯಾಲೆಂಡರ್ ಹಾಳೆ, ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕದ ಮುದ್ರಣ, ಜಪಾನಿನ ಹೊಕುಸಾಯ್‌ನ ಹೆದ್ದೆರೆ, ಹೀಗೆ ಒಂದಕ್ಕೊಂದು ನಂಟಿಲ್ಲದ ಚಿತ್ರಗಳಿಗೆ ಚೌಕಟ್ಟು ಹಾಕಿಸಿ ಒಂದೇ ಗೋಡೆಯಲ್ಲಿ ಒಟ್ಟಾಗಿ ತೂಗುಹಾಕುವ ಅಭಿರುಚಿ ಇಂದು ಅನೇಕ ಮನೆಗಳಲ್ಲಿ ಕಾಣುತ್ತದೆ. ಯಾವ ಬಣ್ಣದ ಪಕ್ಕದಲ್ಲಿ ಯಾವುದು ಒಪ್ಪುತ್ತದೆ, ದೊಡ್ಡದು ನಡುವೆ ಇರಬೇಕೇ ಬದಿಗಿರಬೇಕೇ ಎಂಬ ವಿಷಯದಲ್ಲಿ ಸಲಹೆಗಳಿಗೆ ಬರವಿಲ್ಲ; ಎತ್ತರದ ಬಗ್ಗೆಯೂ, ಚಿತ್ರದ ನಡುಭಾಗವನ್ನು ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಮೇಲಿರಿಸುವ ವಸ್ತುಸಂಗ್ರಹಾಲಯಗಳ ವಾಡಿಕೆಯನ್ನು ಅನುಸರಿಸಿದರೆ ಸಾಕು. ಆದರೆ ಎಷ್ಟೇ ಎಚ್ಚರದಿಂದ ಜೋಡಿಸಿದರೂ ಕೆಲವೇ ವಾರಗಳಲ್ಲಿ ಯಾವುದಾದರೊಂದು ಚಿತ್ರ ಒಂದು ಬದಿಗೆ ವಾಲಿರುತ್ತದೆ ಎಂಬುದಕ್ಕೂ, ಆ ಅಲ್ಪಸ್ವಲ್ಪ ವಾಲುವಿಕೆ ಕೋಣೆಯೊಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುತ್ತದೆ ಎಂಬುದಕ್ಕೂ ಹಿಂದಿರುವ ವಿಜ್ಞಾನ ಇವೆಲ್ಲಕ್ಕಿಂತ ಸ್ವಾರಸ್ಯಕರವಾದುದು.

ಚಿತ್ರ ವಾಲುವುದಕ್ಕೆ ಜನ ಕೊಡುವ ಕಾರಣಗಳು ಎರಡು ಬಗೆಯವು. ಮೊದಲನೆಯದು ಶಕುನದ ಮಾತು: ದೇವರ ಪಟ ಓರೆಯಾದರೆ ಮನೆಗೆ ಕೇಡು, ಹಿರಿಯರ ಭಾವಚಿತ್ರ ಬಿದ್ದು ಗಾಜು ಒಡೆದರೆ ಮನೆಯಲ್ಲಿ ಸಾವು ಎಂಬ ಭಯ ವಿದ್ಯಾವಂತರಲ್ಲೂ ಉಳಿದುಕೊಂಡಿದೆ. ಹತ್ತಾರು ವರ್ಷ ಬದಲಿಸದ ದಾರ ಹರಿದದ್ದಕ್ಕೆ ತೀರಿಹೋದ ತಂದೆತಾಯಿಯ ಕೋಪವನ್ನು ಕಾರಣವಾಗಿಸುವುದು ಅವರ ನೆನಪಿಗೆ ಮಾಡುವ ಅನ್ಯಾಯ. ಅಂಥ ಭಯವನ್ನು ಮಕ್ಕಳಿಗೆ ದಾಟಿಸುವುದು ಇನ್ನೂ ದೊಡ್ಡ ತಪ್ಪು. ಎರಡನೆಯ ಕಾರಣ ನೋಡಲು ವೈಜ್ಞಾನಿಕವೆನಿಸುತ್ತದೆ: ಚೌಕಟ್ಟಿನ ಹಿಂದಿನ ದಾರ ಸಡಿಲವಾಗಿದೆ, ಅದನ್ನು ಬಿಗಿದು ಕಟ್ಟಿದರೆ ಚಿತ್ರ ಅಲುಗದೆ ನಿಲ್ಲುತ್ತದೆ ಎಂಬುದು. ಈ ತಿಳಿವಳಿಕೆ ಎಷ್ಟು ವ್ಯಾಪಕವೋ ಅಷ್ಟೇ ತಪ್ಪು. ದಾರವನ್ನು ಬಿಗಿದಷ್ಟೂ ಚಿತ್ರ ಹೆಚ್ಚು ಸುಲಭವಾಗಿ ವಾಲುತ್ತದೆ, ಹೆಚ್ಚು ಬೇಗ ಬೀಳುತ್ತದೆ.

ಬೀಳುವ ವಿಷಯವನ್ನು ಮೊದಲು ನೋಡಬಹುದು. ಚೌಕಟ್ಟಿನ ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಬಳೆ, ಅವೆರಡರ ನಡುವೆ ಕಟ್ಟಿದ ದಾರ, ಆ ದಾರದ ನಡುಭಾಗವನ್ನು ಹೊತ್ತ ಮೊಳೆ, ಇದಿಷ್ಟೇ ಇಲ್ಲಿರುವ ಯಂತ್ರ. ಚಿತ್ರದ ತೂಕವನ್ನು ಹೊರಬೇಕಾದದ್ದು ದಾರದ ಎಳೆತದಲ್ಲಿ ಮೇಲ್ಮುಖವಾಗಿರುವ ಪಾಲು ಮಾತ್ರ. ದಾರ ಅಡ್ಡಡ್ಡಲಾಗಿ ಬಿಗಿದಷ್ಟೂ ಆ ಪಾಲು ಕಿರಿದಾಗುವುದರಿಂದ ಒಟ್ಟು ಎಳೆತ ಏರಲೇಬೇಕಾಗುತ್ತದೆ. ಮೂರು ಕಿಲೋ ತೂಗುವ ಚಿತ್ರದ ದಾರ ಅಡ್ಡರೇಖೆಗೆ 30 ಡಿಗ್ರಿ ಕೋನದಲ್ಲಿದ್ದರೆ ಅದರ ಒಂದೊಂದು ಬದಿಯೂ ಮೂರು ಕಿಲೋ ಭಾರದಷ್ಟು ಎಳೆತವನ್ನು ತಾಳಿಕೊಳ್ಳುತ್ತದೆ, 10 ಡಿಗ್ರಿಗೆ ಬಿಗಿದರೆ ಅದು ಎಂಟೂವರೆ ಕಿಲೋ ದಾಟುತ್ತದೆ, 5 ಡಿಗ್ರಿಯಲ್ಲಿ ಹದಿನೇಳು ಕಿಲೋ ಮುಟ್ಟುತ್ತದೆ. ಬಳೆಯ ತಿರುಪು ಕಿತ್ತುಬರುವುದು, ಚೌಕಟ್ಟಿನ ಪಕ್ಕದ ಪಟ್ಟಿಗಳು ಒಳಕ್ಕೆ ಬಾಗುವುದು, ದಾರ ತುಂಡಾಗುವುದು ಇವೆಲ್ಲಕ್ಕೂ ಮೂಲ ಈ ಲೆಕ್ಕದಲ್ಲಿದೆ.

ವಾಲುವ ವಿಷಯ ಇದಕ್ಕಿಂತ ಸೊಗಸಾದುದು, ಏಕೆಂದರೆ ಅದರೊಳಗೆ ಶಾಲೆಯ ರೇಖಾಗಣಿತ ಅಡಗಿದೆ. ಹಲಗೆಗೆ ಎರಡು ಗುಂಡುಸೂಜಿ ಚುಚ್ಚಿ, ಅವುಗಳ ನಡುವೆ ಸಡಿಲವಾಗಿ ದಾರ ಕಟ್ಟಿ, ಆ ದಾರವನ್ನು ಪೆನ್ಸಿಲ್ ಮೊನೆಯಿಂದ ಬಿಗಿಯಾಗಿ ಎಳೆದು ಹಿಡಿದು ಸರಿಸುತ್ತ ಹೋದರೆ ದೀರ್ಘವೃತ್ತ, ಎಂದರೆ ಒಂದು ದಿಕ್ಕಿಗೆ ಉದ್ದವಾದ ವೃತ್ತ, ಮೂಡುತ್ತದೆ. ಗುಂಡುಸೂಜಿಗಳಿರುವ ಎರಡು ಬಿಂದುಗಳಿಗೆ ಅದರ ನಾಭಿಗಳೆಂದು ಹೆಸರು, ಗ್ರಹಗಳ ಪಥ ಇಂಥದೇ ಆಕಾರದ್ದೆಂದು ಕೆಪ್ಲರ್ 1609ರಲ್ಲಿ ಸಾರಿದ್ದ. ತೂಗುಹಾಕಿದ ಚಿತ್ರದ ಹಿಂದೆ ಇರುವುದೂ ಇದೇ ಏರ್ಪಾಡು: ಬಳೆಗಳೆರಡು ನಾಭಿಗಳು, ಮೊಳೆಯೇ ಪೆನ್ಸಿಲ್. ಗೋಡೆಯ ಕಡೆಯಿಂದ ನೋಡಿದರೆ ಮೊಳೆ ನಿಂತಿದ್ದು ಚಿತ್ರ ಜಾರುತ್ತದೆ. ಚಿತ್ರದ ಕಡೆಯಿಂದ ನೋಡಿದರೆ ಮೊಳೆಯೇ ಒಂದು ದೀರ್ಘವೃತ್ತದ ಬಾಗಿನ ಮೇಲೆ ಅತ್ತಿತ್ತ ಸರಿಯುತ್ತದೆ. ಚಿತ್ರದ ಗುರುತ್ವ ಕೇಂದ್ರ, ಎಂದರೆ ಅದರ ತೂಕವೆಲ್ಲ ನೆಲೆಸಿದಂತೆ ವರ್ತಿಸುವ ಬಿಂದು, ಯಾವಾಗಲೂ ಆದಷ್ಟು ಕೆಳಗಿಳಿಯಲು ಹವಣಿಸುವುದರಿಂದ, ಆ ದೀರ್ಘವೃತ್ತದ ಮೇಲೆ ಗುರುತ್ವ ಕೇಂದ್ರಕ್ಕೆ ಅತ್ಯಂತ ದೂರವಿರುವ ಸ್ಥಾನ ಯಾವುದೋ ಅಲ್ಲಿಗೆ ಮೊಳೆ ಬಂದು ಸೇರುವಂತೆ ಚಿತ್ರ ಹೊರಳಿಕೊಳ್ಳುತ್ತದೆ. ಆ ಸ್ಥಾನ ದಾರದ ನಟ್ಟನಡುವೆಯೇ ಇರುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ, ಗಣಿತ ಹಾಗೆ ಹೇಳುವುದಿಲ್ಲ. ಬಿಗಿದ ದಾರ ರೂಪಿಸುವ ದೀರ್ಘವೃತ್ತ ಅತಿಯಾಗಿ ಚಪ್ಪಟೆಯಾಗಿರುವುದರಿಂದ ಅದರ ನಡುಭಾಗವೇ ಗುರುತ್ವ ಕೇಂದ್ರಕ್ಕೆ ಹತ್ತಿರ, ಬದಿಗಳೇ ದೂರ. ಹೀಗಾಗಿ ನಡುಭಾಗದಲ್ಲಿ ನಿಂತ ಚಿತ್ರದ್ದು ಅಸ್ಥಿರ ಸಮತೋಲನ, ಬೋರಲು ಹಾಕಿದ ಬೋಗುಣಿಯ ನೆತ್ತಿಯ ಮೇಲೆ ಇರಿಸಿದ ಗೋಲಿಯ ಸಮತೋಲನ.

ಚಿತ್ರ ತಾನಾಗಿಯೇ ನೇರ ನಿಲ್ಲಬೇಕಾದರೆ ಒಂದು ನಿಯಮ ಪಾಲನೆಯಾಗಬೇಕು: ಬಳೆಗಳ ನಡುವಿನ ಅಂತರದ ಅರ್ಧವನ್ನು ವರ್ಗ ಮಾಡಿದರೆ ಬರುವ ಸಂಖ್ಯೆಗಿಂತ, ಬಳೆಗಳ ಮಟ್ಟದಿಂದ ಮೊಳೆ ಇರುವ ಎತ್ತರವನ್ನು ಅದೇ ಮಟ್ಟದಿಂದ ಗುರುತ್ವ ಕೇಂದ್ರ ಇರುವ ಆಳದಿಂದ ಗುಣಿಸಿದ ಸಂಖ್ಯೆ ದೊಡ್ಡದಾಗಿರಬೇಕು. 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಅಡ್ಡ ಚಿತ್ರವೊಂದಕ್ಕೆ ಮೇಲಂಚಿನಿಂದ 5 ಸೆಂಟಿಮೀಟರ್ ಕೆಳಗೆ, ಪರಸ್ಪರ 40 ಸೆಂಟಿಮೀಟರ್ ದೂರದಲ್ಲಿ ಬಳೆಗಳಿವೆ ಎಂದುಕೊಂಡರೆ ವರ್ಗ 400 ಆಗುತ್ತದೆ, ತೂಕ ಎಲ್ಲೆಡೆ ಸಮನಾಗಿದ್ದರೆ ಗುರುತ್ವ ಕೇಂದ್ರದ ಆಳ 10 ಸೆಂಟಿಮೀಟರ್ ಆಗುತ್ತದೆ, ಆದ್ದರಿಂದ ಮೊಳೆ ಬಳೆಗಳ ಮಟ್ಟದಿಂದ 40 ಸೆಂಟಿಮೀಟರಿಗಿಂತ ಮೇಲಿರಬೇಕಾಗುತ್ತದೆ. ಮೊಳೆ ಕಾಣಬಾರದೆಂಬ ಆಸೆಯಿಂದ ಅದನ್ನು ಚೌಕಟ್ಟಿನ ಹಿಂದೆ ಅಡಗಿಸುವ ಇಂದಿನ ರೂಢಿಯಲ್ಲಿ ಆ ಎತ್ತರ ನಾಲ್ಕು ಸೆಂಟಿಮೀಟರ್ ಮೀರುವುದಿಲ್ಲ, ಎಂದರೆ ಅಗತ್ಯದ ಹತ್ತನೆಯ ಒಂದು ಪಾಲು. ಗೋಡೆಗಳಲ್ಲಿ ನೇರವಾಗಿ ನಿಂತಿರುವ ಅಸಂಖ್ಯ ಅಡ್ಡ ಚಿತ್ರಗಳನ್ನು ಹಿಡಿದಿಟ್ಟಿರುವುದು ಸಮತೋಲನವಲ್ಲ, ದಾರ ಮತ್ತು ಮೊಳೆಯ ನಡುವಿನ ಘರ್ಷಣೆ ಮಾತ್ರ ಎಂಬ ಸಂಗತಿ ಬೆರಗು ಹುಟ್ಟಿಸುವಂಥದು.

ಆ ಘರ್ಷಣೆಯನ್ನೂ ಬಿಗಿದ ದಾರ ಕೆಡಿಸುತ್ತದೆ. ಒಂದು ಕಂಬಕ್ಕೋ ಮೊಳೆಗೋ ಸುತ್ತಿದ ಹಗ್ಗ ಜಾರದೆ ಎಷ್ಟು ಹಿಡಿತ ಕೊಡುತ್ತದೆ ಎಂಬುದು ಅದು ಎಷ್ಟು ಕೋನದಷ್ಟು ಸುತ್ತಿಕೊಂಡಿದೆ ಎಂಬುದನ್ನು ಅವಲಂಬಿಸಿರುತ್ತದೆ. ಇದನ್ನು 18ನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಸೂತ್ರಬದ್ಧಗೊಳಿಸಿದ. ಇಳಿಬಿಟ್ಟ ದಾರ ಮೊಳೆಯ ಮೇಲೆ ಚೂಪಾಗಿ ಮಡಿಯುತ್ತದೆ, ಬಿಗಿದ ದಾರ ಅದನ್ನು ಸವರಿಕೊಂಡು ಹೋಗುತ್ತದೆ ಅಷ್ಟೆ. ಬಾಗಿಲು ಧಡಾರನೆ ಬಡಿದಾಗ, ಬೀದಿಯಲ್ಲಿ ಲಾರಿ ಸಾಗಿದಾಗ ಗೋಡೆಗೆ ತಗಲುವ ಸಣ್ಣ ನಡುಕ ಆ ಅಲ್ಪ ಹಿಡಿತವನ್ನು ಕ್ಷಣಕಾಲ ತಪ್ಪಿಸುತ್ತದೆ, ದಾರ ಕೂದಲೆಳೆಯಷ್ಟು ಜಾರುತ್ತದೆ, ಜಾರಿದ್ದು ಅಸ್ಥಿರ ಸಮತೋಲನವಾದ್ದರಿಂದ ಮರಳಿ ಬರುವುದಿಲ್ಲ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಮಳೆಗಾಲವೂ ಇದಕ್ಕೆ ಕೈಜೋಡಿಸುತ್ತದೆ: ಹೊಸೆದ ಸೆಣಬಿನ ಅಥವಾ ಹತ್ತಿಯ ದಾರ ತೇವ ಹೀರಿ ಎಳೆಗಳು ಉಬ್ಬಿದಾಗ ಕುಗ್ಗುತ್ತದೆ, ಒಣಗಿದಾಗ ಸಡಿಲುತ್ತದೆ, ಅದರ ಜೊತೆಗೆ ಮೊಳೆ ತುಕ್ಕು ಹಿಡಿಯುತ್ತದೆ. ಕೆಡುಕಿನ ಮುನ್ಸೂಚನೆ ಎನ್ನಲಾಗುವ ಎಷ್ಟೋ ಘಟನೆಗಳ ಹಿಂದಿರುವುದು ಇಂಥ ತೇವ ಮತ್ತು ತುಕ್ಕು.

ಹಳೆಯ ಮನೆಗಳ ಪಡಸಾಲೆಯಲ್ಲಿ ಬಾಗಿಲಿನ ಮೇಲಕ್ಕೆ ಸಾಲಾಗಿ ತೂಗುಹಾಕುತ್ತಿದ್ದ ಪಟಗಳ ಕ್ರಮ ಈ ದೃಷ್ಟಿಯಿಂದ ಬಹಳ ಜಾಣತನದ್ದು. ಕೆಳಗಿನ ಅಂಚಿಗೆ ಎರಡು ಮೊಳೆಗಳ ಅಥವಾ ಮರದ ರೀಪಿನ ಆಸರೆ ಕೊಟ್ಟು, ಮೇಲ್ಭಾಗವನ್ನು ದಾರದಿಂದ ಹಿಡಿದು, ಪಟ ನೋಡುವವರ ಕಡೆಗೆ ತುಸು ಬಾಗುವಂತೆ ಮಾಡುತ್ತಿದ್ದರು. ಕೆಳಗಿನ ಎರಡು ಆಸರೆಗಳು ಓರೆಯಾಗಲು ಬಿಡುತ್ತಿರಲಿಲ್ಲ, ಮುಂದಕ್ಕೆ ಬಾಗಿದ ಗಾಜು ಎದುರಿನ ಕಿಟಕಿಯ ಬೆಳಕನ್ನು ನೆಲದ ಕಡೆಗೆ ತಿರುಗಿಸುತ್ತಿತ್ತು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಬಣ್ಣದ ಪ್ರತಿಗಳು ಊರೂರಿನ ಮನೆಗಳನ್ನು ತಲುಪಿದ ಕಾಲದಲ್ಲಿ ಬಳಕೆಯಲ್ಲಿದ್ದ ಈ ವಿಧಾನವನ್ನು ಹಳೆಯ ಕಾಲದ್ದೆಂದು ಬದಿಗೆ ತಳ್ಳುವುದು ಸರಿಯಲ್ಲ.

ಇನ್ನು ನೋಡುವ ಕಣ್ಣಿನ ವಿಚಾರ. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನ ದೃಷ್ಟಿಭಾಗದಲ್ಲಿ ಒಂದೊಂದೇ ಕೋಶದ ವಿದ್ಯುತ್ ಮಿಡಿತವನ್ನು ಆಲಿಸುತ್ತಿದ್ದರು; ಗಾಜಿನ ಪಟ್ಟಿಕೆಯ ಮೇಲಿನ ಕಪ್ಪು ಚುಕ್ಕೆಯನ್ನು ಎಷ್ಟು ತೋರಿಸಿದರೂ ಸುಮ್ಮನಿದ್ದ ಕೋಶವೊಂದು, ಪಟ್ಟಿಕೆಯನ್ನು ಒಳಕ್ಕೆ ತಳ್ಳುವಾಗ ಅದರ ಅಂಚಿನ ಮಸುಕಾದ ನೆರಳು ಪರದೆಯ ಮೇಲೆ ಹಾಯ್ದ ಕ್ಷಣ ಪಟಪಟನೆ ಮಿಡಿಯತೊಡಗಿತು. ಆ ಕೋಶಕ್ಕೆ ಬೇಕಾಗಿದ್ದದ್ದು ಚುಕ್ಕೆಯಲ್ಲ, ಒಂದು ನಿರ್ದಿಷ್ಟ ಓರೆಯಲ್ಲಿರುವ ಗೆರೆ. ಇಬ್ಬರಿಗೂ 1981ರ ನೊಬೆಲ್ ಪ್ರಶಸ್ತಿ ದೊರೆಯಲು ಕಾರಣವಾದ ಸಂಶೋಧನೆಗಳಿಗೆ ಇಲ್ಲಿಂದಲೇ ಆರಂಭ. ಮನುಷ್ಯರಲ್ಲಿ ಈ ಏರ್ಪಾಡು ಲಂಬ ಮತ್ತು ಅಡ್ಡ ಗೆರೆಗಳ ವಿಷಯದಲ್ಲಿ ಓರೆ ಗೆರೆಗಳಿಗಿಂತ ಹೆಚ್ಚು ಸೂಕ್ಷ್ಮ ಎಂಬುದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಆದ್ದರಿಂದ 45 ಸೆಂಟಿಮೀಟರ್ ಅಗಲದ ಚೌಕಟ್ಟು ಒಂದೇ ಡಿಗ್ರಿ ವಾಲಿ ಅದರ ಎರಡು ತುದಿಗಳ ನಡುವೆ ಎಂಟು ಮಿಲಿಮೀಟರ್ ಏರುಪೇರಾದರೂ ಗಮನ ಅಲ್ಲಿಗೇ ಹೋಗುತ್ತದೆ.

ಇದಕ್ಕಿಂತಲೂ ಅಚ್ಚರಿಯ ಶಕ್ತಿ ಇನ್ನೊಂದಿದೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಮಿನಿಟು, ಅದನ್ನು ಮತ್ತೆ 60 ಭಾಗ ಮಾಡಿದರೆ ಒಂದು ಸೆಕೆಂಡು ಕೋನ. ಅಕ್ಷಿಪಟಲದ ನಡುವಿನಲ್ಲಿ ಬೆಳಕು ಹಿಡಿಯುವ ಶಂಕುಕೋಶಗಳು ಸುಮಾರು ಅರ್ಧ ಮಿನಿಟಿಗೊಂದರಂತೆ ಒತ್ತಾಗಿ ಜೋಡಣೆಗೊಂಡಿವೆ. ಹಾಗಿದ್ದರೂ ಒಂದರ ತುದಿಗೆ ಇನ್ನೊಂದಿರುವ ಎರಡು ಗೆರೆಗಳು ನೇರವಾಗಿ ಕೂಡಿವೆಯೇ ಸರಿದಿವೆಯೇ ಎಂಬುದನ್ನು ಅನುಕೂಲ ಸನ್ನಿವೇಶದಲ್ಲಿ ಮನುಷ್ಯನ ದೃಷ್ಟಿ ಐದು ಸೆಕೆಂಡು ಕೋನದಷ್ಟು ನಿಖರವಾಗಿ ಹೇಳಬಲ್ಲದು, ಎಂದರೆ ಒಂದು ಕೋಶದ ಅಂತರದ ಆರನೆಯ ಒಂದು ಭಾಗದಷ್ಟು. ಎರಡು ಮೀಟರ್ ದೂರದಿಂದ ನೋಡುವವರಿಗೆ ಇದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಅನೇಕ ಕೋಶಗಳಿಂದ ಬಂದ ಸಂಕೇತಗಳನ್ನು ಮಿದುಳು ಹೋಲಿಸಿ ಲೆಕ್ಕ ಹಾಕುವುದರಿಂದ ಸಾಧ್ಯವಾಗುವ ಈ ಸಾಮರ್ಥ್ಯಕ್ಕೆ 1975ರಲ್ಲಿ ವಿಜ್ಞಾನಿ ಜೆರಾಲ್ಡ್ ವೆಸ್ಟ್‌ಹೈಮರ್ ಇಟ್ಟ ಹೆಸರನ್ನು ಅತಿಸೂಕ್ಷ್ಮ ದೃಷ್ಟಿ ಎಂದು ಹೇಳಬಹುದು. ಗೆರೆಗಳ ತುದಿಗಳು ಹತ್ತಿರವಿದ್ದಾಗ ಈ ನಿಖರತೆ ಗರಿಷ್ಠ, ಅಂತರ ಹೆಚ್ಚಿದಂತೆ ಅದು ಕುಗ್ಗುತ್ತದೆ.

ಬಗೆಬಗೆಯ ಅಳತೆಯ ಮುದ್ರಣಗಳನ್ನು ಜೋಡಿಸುವವರಿಗೆ ಇಲ್ಲಿ ನೇರವಾದ ತಿಳಿವಳಿಕೆಯಿದೆ. ಅಕ್ಕಪಕ್ಕದ ಎರಡು ಚೌಕಟ್ಟುಗಳ ಮೇಲಂಚು ಒಂದೇ ಸಾಲಿಗೆ ಬರಬೇಕೆಂದಿದ್ದರೆ ಅಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವೂ ತಪ್ಪಾಗಿ ಕಾಣುತ್ತದೆ. ಅಷ್ಟು ಕಟ್ಟುನಿಟ್ಟು ಸಾಧ್ಯವಾಗದಿದ್ದರೆ ಒಂದನ್ನು ಕೈಯಗಲದಷ್ಟು ಮೇಲಕ್ಕೋ ಕೆಳಕ್ಕೋ ಸರಿಸುವುದು ಉತ್ತಮ, ಆಗ ಕಣ್ಣು ಅವುಗಳನ್ನು ಒಂದೇ ಗೆರೆಯೆಂದು ಹೋಲಿಸುವುದೇ ಇಲ್ಲ. ಸಾಲಿಗೆ ಅರ್ಧ ಸೆಂಟಿಮೀಟರ್ ತಪ್ಪಿದ ಜೋಡಣೆಯೇ ಅತ್ಯಂತ ಕಿರಿಕಿರಿಯದು. ಬಾಗಿಲುವಾಡದ ಪಕ್ಕದಲ್ಲಿರುವ ಚಿತ್ರವನ್ನು ಸ್ಪಿರಿಟ್ ಲೆವೆಲ್‌ಗಿಂತ ಬಾಗಿಲಿನ ಅಂಚಿಗೇ ಹೊಂದಿಸಬೇಕು, ಏಕೆಂದರೆ ಓರೆಯಾದ ಚೌಕದೊಳಗಿನ ಕೋಲು ನೇರವಿದೆಯೇ ಎಂದು ಅಳೆಯುವಾಗ ಜನ ಸುತ್ತಲಿನ ಚೌಕದ ಕಡೆಗೆ ವಾಲುತ್ತಾರೆಂದು ಸಾಲೊಮನ್ ಆಶ್ ಮತ್ತು ಹರ್ಮನ್ ವಿಟ್ಕಿನ್ 1948ರಲ್ಲೇ ತೋರಿಸಿದ್ದಾರೆ. ಹಳೆಯ ಮನೆಗಳಲ್ಲಿ ಬಾಗಿಲೇ ತುಸು ವಾಲಿರುವುದು ಅಪರೂಪವಲ್ಲ. ಕಂಬ, ಮೆಟ್ಟಿಲು, ಸಿಂಹಾಸನಗಳಿಂದ ತುಂಬಿದ ಪಟ್ಟಾಭಿಷೇಕದಂಥ ಚಿತ್ರಗಳು ಒಳಗಿನ ಗೆರೆಗಳಿಂದಲೂ ತಮ್ಮ ವಾಲುವಿಕೆಯನ್ನು ಸಾರುವುದರಿಂದ ಅವುಗಳಿಗೆ ಗಟ್ಟಿ ಏರ್ಪಾಡು ಬೇಕು; ಬಳುಕುವ ಗೆರೆಗಳೇ ತುಂಬಿದ ಹೊಕುಸಾಯ್‌ನ ಅಲೆ ಅಲ್ಪಸ್ವಲ್ಪ ಓರೆಯನ್ನು ಮರೆಮಾಚುತ್ತದೆ.

ಏರ್ಪಾಡು ಸರಳವಾದುದೇ. ಅಗಲದ ಚಿತ್ರಗಳಿಗೆ ದಾರವನ್ನೇ ಬಿಟ್ಟು, ಬಳೆಗಳೆರಡನ್ನೂ ಎರಡು ಮೊಳೆಗಳಿಗೆ ನೇರವಾಗಿ ಸಿಕ್ಕಿಸಿದರೆ ಓರೆಯನ್ನು ನಿರ್ಧರಿಸುವುದು ಮೊಳೆಗಳು ಮಾತ್ರ. 60 ಸೆಂಟಿಮೀಟರ್ ಎತ್ತರದ ಉದ್ದ ಚಿತ್ರಕ್ಕೆ ದಾರವೇ ಬೇಕೆಂದರೆ, ಹಿಂಬದಿಗೆ ಮೇಲಿನಿಂದ 15 ಸೆಂಟಿಮೀಟರ್ ಕೆಳಗೆ ಒಂದು ಅಡ್ಡಪಟ್ಟಿ ಹೊಡೆಸಿ, ಬಳೆಗಳನ್ನು ಅದರ ಮೇಲೆ 20 ಸೆಂಟಿಮೀಟರ್ ಅಂತರದಲ್ಲಿ ಕೂರಿಸಿ, ದಾರ ಬಳೆಗಳಿಂದ 10 ಸೆಂಟಿಮೀಟರ್ ಮೇಲೇರುವಷ್ಟು ಸಡಿಲ ಬಿಟ್ಟರೆ ಮೊಳೆಯೂ ಮರೆಯಾಗುತ್ತದೆ, ಗಣಿತದ ನಿಯಮವೂ ಪಾಲನೆಯಾಗುತ್ತದೆ. ವರ್ಗ 100, ಗುಣಲಬ್ಧ 150. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ರಬ್ಬರಿನ ಚಿಕ್ಕ ತುಂಡುಗಳನ್ನು ಅಂಟಿಸಿದರೆ ಗೋಡೆಯೊಂದಿಗಿನ ಘರ್ಷಣೆ ಹೆಚ್ಚುತ್ತದೆ, ಹಿಂದೆ ಗಾಳಿ ಆಡಿ ಮಳೆಗಾಲದಲ್ಲಿ ಮುದ್ರಣದ ಕಾಗದಕ್ಕೆ ಬೂಷ್ಟು ಹಿಡಿಯುವುದೂ ಕಡಿಮೆಯಾಗುತ್ತದೆ.