7 ಗ್ರಾಂ ಜೀವ, 41 ವರ್ಷ ಬಾಳು

ಸೈಬೀರಿಯಾದ ಗುಹೆಯೊಂದರಲ್ಲಿ ಸಂಶೋಧಕರ ಕೈಗೆ ಪುಟ್ಟದೊಂದು ಬಾವಲಿ ಸಿಕ್ಕಿತು. ಅದರ ತೋಳಿನಲ್ಲಿ ಹಿಂದೆ ತೊಡಿಸಿದ್ದ ಲೋಹದ ಬಳೆ ಇನ್ನೂ ಇತ್ತು. ಸಂಖ್ಯೆ ನೋಡಿ ಹಳೆಯ ದಾಖಲೆ ತೆಗೆದರೆ, ಬಳೆ ತೊಡಿಸಿ 41 ವರ್ಷ ಕಳೆದಿತ್ತು! 2005ರಲ್ಲಿ ವರದಿಯಾದ ಈ ಬ್ರಾಂಟ್ ಬಾವಲಿಯ ಜಾತಿಯ ತೂಕ ಸುಮಾರು 7 ಗ್ರಾಂ. ಅದಕ್ಕಿಂತ ಎರಡು ಮೂರು ಪಟ್ಟು ಭಾರವಿರುವ ಮನೆಯ ಚಿಟ್ಟಿಲಿ, ಬೆಕ್ಕಿನ ಕಾಟವಿಲ್ಲದೆ ಹೊಟ್ಟೆತುಂಬ ತಿಂದುಕೊಂಡಿದ್ದರೂ ಎರಡು ಮೂರು ವರ್ಷಕ್ಕೆ ಮುದಿಯಾಗಿ ಸಾಯುತ್ತದೆ.

ದೊಡ್ಡ ಪ್ರಾಣಿಗೆ ದೀರ್ಘಾಯುಷ್ಯ, ಚಿಕ್ಕದಕ್ಕೆ ಅಲ್ಪಾಯುಷ್ಯ ಎಂಬುದು ಹೆಚ್ಚುಕಡಿಮೆ ನಿಜ. ಇಲಿಯ ಹೃದಯ ನಿಮಿಷಕ್ಕೆ 600 ಸಲ ಬಡಿದರೆ ಆನೆಯದು 30 ಸಲ. ಲೆಕ್ಕ ಹಾಕಿದರೆ ಎರಡಕ್ಕೂ ಜೀವಮಾನದಲ್ಲಿ ಸಿಗುವುದು 100 ಕೋಟಿಯ ಆಸುಪಾಸಿನ ಬಡಿತ. ಹಾಗಾಗಿ, ಎಲ್ಲ ಪ್ರಾಣಿಗೂ ಇಷ್ಟೇ ಬಡಿತ ಎಂದು ಬರೆದಿಟ್ಟಿದೆಯೇನೋ ಎಂದು ಹಲವರು ನಂಬಿದ್ದರು. ಆದರೆ ಮನುಷ್ಯನೇ 70 ವರ್ಷಕ್ಕೆ 250 ಕೋಟಿ ದಾಟುತ್ತಾನೆ. ಹಾರುವಾಗ ಇಲಿಯನ್ನೂ ಮೀರಿಸುವ ವೇಗದಲ್ಲಿ ಹೃದಯ ಬಡಿದುಕೊಳ್ಳುವ ಬಾವಲಿಯಂತೂ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಚಳಿಗಾಲದ ದೀರ್ಘ ನಿದ್ದೆಯಲ್ಲಿ ಅದು ಬಡಿತ ಉಳಿಸಿಕೊಳ್ಳುವುದು ಹೌದು. ಆದರೆ ಚಳಿನಿದ್ದೆಯೇ ಇಲ್ಲದ ಬಾವಲಿಗಳೂ ತಮ್ಮ ಗಾತ್ರದ ಇಲಿಗಳಿಗಿಂತ ಎಷ್ಟೋ ಹೆಚ್ಚು ಕಾಲ ಬದುಕುತ್ತವೆ.

ಬಾವಲಿ ಇಷ್ಟು ಕಾಲ ಬಾಳುವುದೇಕೆ ಎಂಬುದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಬೇರೆಯಿದೆ. ಹಾವು, ಗೂಬೆ, ಬೆಕ್ಕು ಎಲ್ಲಕ್ಕೂ ಇಲಿ ಆಹಾರ. ಹೇಗೂ ವರ್ಷದೊಳಗೆ ಯಾರದೋ ಬಾಯಿಗೆ ಬೀಳುವ ಮೈಯನ್ನು ಹತ್ತು ವರ್ಷ ಬಾಳುವಂತೆ ದುರಸ್ತಿ ಮಾಡುತ್ತ ಕೂತರೆ ಶಕ್ತಿ ದಂಡ. ಅದನ್ನು ಮರಿ ಹಾಕಲು ಬಳಸಿದ ಇಲಿಯ ವಂಶವೇ ಬೆಳೆಯಿತು. ರೆಕ್ಕೆಯ ಬಲದಿಂದ ಶತ್ರುಗಳಿಂದ ತಪ್ಪಿಸಿಕೊಳ್ಳುವ ಬಾವಲಿಗೆ ಮೈ ಕಾಪಾಡಿಕೊಳ್ಳುವುದೇ ಲಾಭ. ಅದು ಸಾಮಾನ್ಯವಾಗಿ ವರ್ಷಕ್ಕೆ ಒಂದೋ ಎರಡೋ ಮರಿ ಹಾಕುತ್ತದೆ.

ಅಮೆರಿಕದ ಜೀವಶಾಸ್ತ್ರಜ್ಞ ಸ್ಟೀವನ್ ಆಸ್ಟಡ್ ಈ ವಿಚಾರವನ್ನು ಕಾಡಿನಲ್ಲೇ ಪರೀಕ್ಷಿಸಿದರು. ಜಾರ್ಜಿಯಾ ಕರಾವಳಿಯ ಸಪೆಲೊ ದ್ವೀಪ ಸಾವಿರಾರು ವರ್ಷಗಳಿಂದ ಮುಖ್ಯಭೂಮಿಯಿಂದ ಬೇರೆಯಾಗಿದೆ. ಬೆಕ್ಕಿನ ಗಾತ್ರದ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಅಪೊಸಮ್‌ಗಳನ್ನು ಬೇಟೆಯಾಡುವ ಸಸ್ತನಿಗಳು ಅಲ್ಲಿರಲಿಲ್ಲ. ಆ ಅಪೊಸಮ್‌ಗಳು ಮುಖ್ಯಭೂಮಿಯವಕ್ಕಿಂತ ಹೆಚ್ಚು ಕಾಲ ಬದುಕಿದವು. ಅದಷ್ಟೇ ಆಗಿದ್ದರೆ, ತಿನ್ನುವವರಿಲ್ಲ, ಉಳಿದವು ಎನ್ನಬಹುದಿತ್ತು. ಆಸ್ಟಡ್ ಅವುಗಳ ಬಾಲದ ಸ್ನಾಯುರಜ್ಜುವಿನ ನಾರುಗಳನ್ನೂ ಪರೀಕ್ಷಿಸಿದರು. ವಯಸ್ಸಾದಂತೆ ಈ ನಾರು ಬಿರುಸಾಗುತ್ತದೆ. ದ್ವೀಪದ ಪ್ರಾಣಿಗಳಲ್ಲಿ ಅದು ಬಿರುಸಾಗುವ ವೇಗವೇ ಕಡಿಮೆಯಿತ್ತು. ಅಂದರೆ ಮುಪ್ಪೇ ನಿಧಾನವಾಗಿತ್ತು.

ಬೆಳೆದ ಆನೆಗೆ ಕಾಡಿನಲ್ಲಿ ಎದುರಾಳಿಗಳಿಲ್ಲ. ಅದರ ಆಯುಷ್ಯಕ್ಕೆ ಗಡಿ ಹಾಕುವುದು ಹಲ್ಲು. ದವಡೆಯ ಪ್ರತಿ ಬದಿಯಲ್ಲಿ ಜೀವಮಾನಕ್ಕೆ ಆರೇ ದವಡೆಹಲ್ಲು. ಅವು ನಮ್ಮ ಹಲ್ಲಿನಂತೆ ಕೆಳಗಿನಿಂದ ಮೂಡುವುದಿಲ್ಲ. ಹಿಂದಿನಿಂದ ಹುಟ್ಟಿ ಮುಂದೆ ಸರಿಯುತ್ತವೆ. ಮುಂದಿನದು ಸವೆದು ಚೂರುಚೂರಾಗಿ ಉದುರುವಾಗ ಹಿಂದಿನದು ಆ ಜಾಗಕ್ಕೆ ಬಂದಿರುತ್ತದೆ. ಆರನೆಯದೂ ಸವೆಯುವ ಹೊತ್ತಿಗೆ ಆನೆಗೆ ಅರವತ್ತರ ಮೇಲಾಗಿರುತ್ತದೆ. ಆಗ ಲದ್ದಿಯಲ್ಲಿ ಅಗಿಯದ ಉದ್ದುದ್ದ ನಾರು ಕಾಣಿಸುತ್ತದೆ. ಶಿಬಿರದ ಆನೆಗಾದರೆ ಮಾವುತ ಬೇಯಿಸಿದ ಮುದ್ದೆ ತಿನ್ನಿಸಿ ಇನ್ನಷ್ಟು ವರ್ಷ ಉಳಿಸಿಕೊಳ್ಳಬಹುದು. ಕಾಡಾನೆ ಸೊರಗುತ್ತ ಹೋಗುತ್ತದೆ.

ಸಾಕಿದ ಪ್ರಾಣಿ ಹೆಚ್ಚು ಬಾಳುತ್ತದೆ ಎನ್ನುವುದು ಇಲಿಗೆ ಸರಿ, ಆನೆಗೆ ಯಾವಾಗಲೂ ಹಾಗಲ್ಲ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ನಡುಮಟ್ಟದ ಆಯುಷ್ಯ ಸುಮಾರು 19 ವರ್ಷ. ಮ್ಯಾನ್ಮಾರ್‌ನಲ್ಲಿ ಮರ ಎಳೆಯುವ ಹೆಣ್ಣಾನೆಗಳದು ಸುಮಾರು 42. ಒಂದು ಮೃಗಾಲಯದಿಂದ ಇನ್ನೊಂದಕ್ಕೆ ಸಾಗಿಸುವುದು, ಬಹುಶಃ ಎಳವೆಯಲ್ಲೇ ತಾಯಿಯಿಂದ ಅಗಲಿಸುವುದೂ ಸಾವನ್ನು ಹತ್ತಿರ ತರುತ್ತಿದ್ದವು.